ಹಕ್ಕಿಯ ಕಣ್ಣಿನ ಮಟ್ಟಕ್ಕೆ: ಕಡಲತೀರದ ಫೋಟೋ ಕೆಲಸ ಎಲ್ಲಿಗೆ ಬಂತು

ಕಡಲಂಚಿನಲ್ಲಿ ಓಡಾಡುವ ಪುಟ್ಟ ಹಕ್ಕಿಗಳನ್ನು, ಮುಖ್ಯವಾಗಿ ಸ್ಯಾಂಡರ್ಲಿಂಗ್ ಮತ್ತು ಪ್ಲೋವರ್‌ಗಳನ್ನು, ಮರಳಿನ ಮೇಲೆ ಮಲಗಿ ಅವುಗಳ ಕಣ್ಣಿನ ಮಟ್ಟದಿಂದಲೇ ತೆಗೆಯಬೇಕು. ಹಿಡಿದಿರುವ ಕೆಲಸ ಇಷ್ಟೇ. ಮಲಗುವುದು ರೂಢಿಯಾಗಿದೆ. ಈಗ ತಲೆ ತಿನ್ನುತ್ತಿರುವುದು ಲೆನ್ಸಿನ ಎತ್ತರದಲ್ಲಿ ಬರುವ ನಾಲ್ಕೈದು ಸೆಂಟಿಮೀಟರ್‌ಗಳ ವ್ಯತ್ಯಾಸ.

ಸ್ಯಾಂಡರ್ಲಿಂಗ್ ಕೊಕ್ಕಿನಿಂದ ಬಾಲದವರೆಗೆ ಸುಮಾರು 20 ಸೆಂ.ಮೀ. ಉದ್ದ. ನಿಂತಾಗ ಅದರ ಕಣ್ಣು ನೆಲದಿಂದ 10–12 ಸೆಂ.ಮೀ. ಮೇಲಿದ್ದರೆ ಹೆಚ್ಚು. ಹಕ್ಕಿ 10 ಮೀಟರ್ ದೂರದಲ್ಲಿದೆ, ಕ್ಯಾಮೆರಾ 1.5 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ನೋಟದ ಗೆರೆ ಹಕ್ಕಿಯ ತಲೆ ದಾಟಿ ಒಂದು ಮೀಟರಿನೊಳಗೇ ಮರಳಿಗೆ ಬಡಿಯುತ್ತದೆ. ಹಿನ್ನೆಲೆ ಅಷ್ಟು ಹತ್ತಿರವಿದ್ದರೆ ಕಪ್ಪೆಚಿಪ್ಪು, ಪಾಚಿ, ಯಾರದೋ ಹೆಜ್ಜೆಗುರುತು ಎಲ್ಲವೂ ಇಣುಕುತ್ತವೆ. ಲೆನ್ಸನ್ನು 12 ಸೆಂ.ಮೀ.ಗೆ ಇಳಿಸಿದರೆ ಆ ಗೆರೆ ನೆಲ ಮುಟ್ಟದೆ ನೇರ ಮುಂದೆ ಹೋಗುತ್ತದೆ. ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 600 ಎಂ.ಎಂ. ಲೆನ್ಸ್ ಹಾಕಿ, ಬೆಳಕು ಒಳಬರುವ ಕಿಂಡಿಯನ್ನು ಎಫ್/6.3ಕ್ಕೆ ಇಟ್ಟರೆ 10 ಮೀಟರ್ ದೂರಕ್ಕೆ ಫೋಕಸ್ಸಿನ ಆಳ, ಅಂದರೆ ಸ್ಪಷ್ಟವಾಗಿ ಕಾಣುವ ಪಟ್ಟಿ, ಸುಮಾರು 10 ಸೆಂ.ಮೀ. ಮಾತ್ರ. ಹಕ್ಕಿಯೊಂದೇ ಸ್ಪಷ್ಟ, ಮುಂದಿನ ಮರಳೂ ಹಿಂದಿನ ನೀರೂ ಮಸುಕು. ಲೆನ್ಸಿಗೆ ಇನ್ನಷ್ಟು ದುಡ್ಡು ಸುರಿಯುವುದಕ್ಕಿಂತ ಅಂಗಿ ಒದ್ದೆ ಮಾಡಿಕೊಳ್ಳುವುದೇ ಲಾಭ ಅಂತ ನನ್ನ ಲೆಕ್ಕ.

ಆದರೆ ಇದರ ಜೊತೆಗೇ ಒಂದು ತೊಡಕೂ ಬರುತ್ತದೆ. ಸಮುದ್ರದ ದಿಗಂತ ಯಾವಾಗಲೂ ಕ್ಯಾಮೆರಾದ ಎತ್ತರದಲ್ಲೇ ಕಾಣುತ್ತದೆ. ಹಾಗಾಗಿ ಲೆನ್ಸ್ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬಂದರೆ ದಿಗಂತದ ಗೆರೆ ನೇರವಾಗಿ ಕಣ್ಣಿನ ಮೂಲಕವೇ ಹಾಯುತ್ತದೆ. ಎಷ್ಟೇ ಮಸುಕಾಗಿದ್ದರೂ ತಲೆಯ ಮೇಲರ್ಧ ಆಕಾಶದಲ್ಲಿ, ಕೆಳಗರ್ಧ ನೀರಿನಲ್ಲಿ! ಲೆನ್ಸಿನ ಅಡಿಗಿಟ್ಟ ಬೀನ್‌ಬ್ಯಾಗಿನ (ಕಾಳು ತುಂಬಿದ ಚೀಲ) ಕಾಳನ್ನು ಅತ್ತಿತ್ತ ಸರಿಸಿ ಲೆನ್ಸನ್ನು ನಾಲ್ಕು ಸೆಂ.ಮೀ. ಏರಿಸಿದರೆ ಇಡೀ ತಲೆ ನೀರಿನ ಬಣ್ಣದ ಮುಂದೆ ಬರುತ್ತದೆ, ಅಷ್ಟೇ ಇಳಿಸಿದರೆ ಆಕಾಶಕ್ಕೆ ಏರುತ್ತದೆ. ನನಗೆ ಏರಿಸುವುದೇ ಹಿಡಿಸಿದೆ. ಬಿಳಿ ಮುಖಕ್ಕೆ ಬೂದು ನೀಲಿ ಹಿನ್ನೆಲೆ ಒಪ್ಪುತ್ತದೆ, ಬಿಳಿಚಿದ ಆಕಾಶದಲ್ಲಿ ಅದು ಕಳೆದುಹೋಗುತ್ತದೆ. ಇಷ್ಟರ ಮೇಲೆ ದಿಗಂತ ಒಂದು ಕೂದಲಷ್ಟು ವಾಲಿದರೂ ಎದ್ದು ಕಾಣುವುದರಿಂದ ವ್ಯೂಫೈಂಡರಿನ ಲೆವೆಲ್ ಗೆರೆಯನ್ನು ಈಗ ಆಫ್ ಮಾಡುವುದೇ ಇಲ್ಲ.

ತೀರದ ಇಳಿಜಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೇಲೆ ಒಣಮರಳಿನಲ್ಲಿ ಎಷ್ಟೇ ಚಪ್ಪಟೆಯಾಗಿ ಮಲಗಿದರೂ ನೀರಂಚಿನ ಹಕ್ಕಿ ನಮಗಿಂತ ಅರ್ಧ ಮೀಟರ್ ಕೆಳಗಿರುತ್ತದೆ, ಪಟ್ಟ ಕಷ್ಟವೆಲ್ಲ ವ್ಯರ್ಥ. ಅದಕ್ಕೇ ಈಗ ಸಮುದ್ರಕ್ಕೆ ಮುಖ ಮಾಡದೆ, ಒದ್ದೆ ಮರಳಿಗೇ ಇಳಿದು, ತೀರದ ಉದ್ದಕ್ಕೆ ಲೆನ್ಸ್ ತಿರುಗಿಸಿ ಮಲಗುತ್ತಿದ್ದೇನೆ. ಹಕ್ಕಿಗಳು ಓಡಾಡುವುದೂ ಅದೇ ಪಟ್ಟಿಯಲ್ಲಿ.

ಹಕ್ಕಿಯ ಹತ್ತಿರ ತೆವಳುವುದನ್ನು ಹೆಚ್ಚು ಕಡಿಮೆ ಬಿಟ್ಟಿದ್ದೇನೆ. ಉಬ್ಬರ ಏರುವಾಗ ನೀರೇ ಅವನ್ನು ಮೇಲಕ್ಕೆ ತಳ್ಳುತ್ತದೆ, ಮೊದಲೇ ಹೋಗಿ ಅಲುಗಾಡದೆ ಬಿದ್ದುಕೊಂಡರೆ ಮೇಯುತ್ತಾ ಅವೇ ಬರುತ್ತವೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುವುದರಿಂದ ಬೆಳಗಿನ ಬೆಳಕಿಗೂ ಅದಕ್ಕೂ ತಾಳೆಯಾಗುವುದು ಕೆಲವೇ ದಿನ. ಉಳಿದ ದಿನ ಮನೆಯಲ್ಲಿ ಕೂತು ಹಳೆಯ ಚಿತ್ರಗಳನ್ನು ಅಳಿಸುತ್ತೇನೆ. ಹಕ್ಕಿ ಮೇಯುವುದು ನಿಲ್ಲಿಸಿ ಕತ್ತೆತ್ತಿ ನೋಡಿತೆಂದರೆ ನಾನೂ ಕಲ್ಲು. ಉಬ್ಬರದಲ್ಲಿ ಒತ್ತೊತ್ತಾಗಿ ನಿಂತು ವಿಶ್ರಮಿಸುವ ಗುಂಪಿನ ಬಳಿ ಸುಳಿಯುವುದೇ ಇಲ್ಲ. 2022ರಲ್ಲಿ ಟ್ರಾನ್ಸ್‌ಮಿಟರ್ ಹೊತ್ತ ಒಂದು ಎಳೆಯ ಗಾಡ್‌ವಿಟ್ (ಇದೂ ಕಡಲತೀರದ ವಲಸೆ ಹಕ್ಕಿಯೇ) ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಸುಮಾರು 13,560 ಕಿ.ಮೀ. ದೂರವನ್ನು ಎಲ್ಲೂ ಇಳಿಯದೆ 11 ದಿನದಲ್ಲಿ ಹಾರಿತ್ತು. ಇಂಥ ಹಾರಾಟಕ್ಕೆ ಬೇಕಾದ ಕೊಬ್ಬನ್ನು ವಲಸೆ ಹಕ್ಕಿಗಳು ಕೂಡಿಸಿಕೊಳ್ಳುವುದು ಇಂಥ ತೀರಗಳಲ್ಲೇ. ನನ್ನ ಒಂದು ಫ್ರೇಮಿಗಾಗಿ ಅವನ್ನು ಎಬ್ಬಿಸಿ ಹಾರಿಸುವುದು ಯಾವ ನ್ಯಾಯ? ಪ್ಲೋವರ್‌ಗಳು ಮರಳಲ್ಲೇ ಮೊಟ್ಟೆಯಿಡುವ ಕಾಲದಲ್ಲಂತೂ ಒಣಮರಳಿನ ಕಡೆ ತೆವಳಲೇಬಾರದು. ಮೊಟ್ಟೆಗೂ ಮರಳಿಗೂ ವ್ಯತ್ಯಾಸವೇ ಕಾಣದು.

ಸೆಟ್ಟಿಂಗ್‌ಗಳ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಓಡುವ ಸ್ಯಾಂಡರ್ಲಿಂಗಿಗೆ ಶಟರ್ 1/2000 ಸೆಕೆಂಡ್, ನಿಂತ ಪ್ಲೋವರಿಗೆ 1/800, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ. ಬಿಳಿ ಎದೆ ಉರಿದುಹೋಗದಂತೆ ಎಕ್ಸ್‌ಪೋಷರ್ ಸ್ವಲ್ಪ ಕೆಳಗೆ. ಸೂರ್ಯ ಮೇಲೇರಿ ಮರಳು ಕಾದರೆ ಎದ್ದುಬಿಡುವುದೇ ಸರಿ. ಬಿಸಿಗಾಳಿಯ ನಡುಕ ನೆಲದ ಹತ್ತಿರವೇ ಅತಿ ಹೆಚ್ಚು, ಆಗ ಫೋಕಸ್ ಎಷ್ಟೇ ಕರಾರುವಾಕ್ಕಾಗಿದ್ದರೂ ರೆಕ್ಕೆಯ ಗೆರೆಗಳು ಕದಡುತ್ತವೆ. ಲೆನ್ಸನ್ನು ತೀರದಲ್ಲಿ ಬದಲಿಸುವುದಿಲ್ಲ. ಉಪ್ಪನ್ನು ಮನೆಗೆ ಬಂದು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ.

ಪ್ಲೋವರ್ ಓಡಿ, ನಿಂತು, ಕುಕ್ಕುತ್ತದೆ. ಆ ನಿಲ್ಲುವ ಕ್ಷಣ ಗೊತ್ತಾದ ಮೇಲೆ ಅದರ ಚಿತ್ರಗಳು ತೃಪ್ತಿ ಕೊಡುತ್ತಿವೆ. ಸ್ಯಾಂಡರ್ಲಿಂಗ್ ಹಾಗಲ್ಲ, ಅಲೆಯ ಹಿಂದೆ ಇಳಿದು ಅಲೆಯ ಮುಂದೆ ಓಡಿಬರುತ್ತದೆ. ಅದರ ಪಾದಕ್ಕೆ ಹಿಂಬೆರಳಿಲ್ಲ. ಎತ್ತಿದ ಕಾಲಿನಲ್ಲಿ ಆ ಮೂರೇ ಬೆರಳು, ಹಿಂದೆ ಮುರಿಯುತ್ತಿರುವ ಅಲೆ, ತಲೆಯ ಸುತ್ತ ಖಾಲಿ ನೀರು, ಈ ಮೂರೂ ಒಂದೇ ಫ್ರೇಮಿನಲ್ಲಿ ಇನ್ನೂ ಕೂಡಿಬಂದಿಲ್ಲ. ಅಲೆಯ ನೊರೆ ಕತ್ತಿನ ಮಟ್ಟಕ್ಕೆ ಬರುವಂತೆ ಇನ್ನೆರಡು ಸೆಂ.ಮೀ. ಇಳಿದು ನೋಡಬೇಕು. ಅದಕ್ಕೆ ಬೀನ್‌ಬ್ಯಾಗ್ ಬಿಟ್ಟು ಅಡಿ ಚಪ್ಪಟೆಯಿರುವ ತಟ್ಟೆಗೆ ಬಾಲ್‌ಹೆಡ್ (ಕ್ಯಾಮೆರಾವನ್ನು ಎತ್ತ ಬೇಕಾದರೂ ತಿರುಗಿಸುವ ಗುಂಡು ಕೀಲು) ಕೂರಿಸುವ ಕೆಲಸ ನಡೆದಿದೆ.