ಅಯಾನು ಕಿರಣ ಇದ್ದ ಮೇಲೆ ಲೇಸರ್ ಯಾಕೆ?

ನಮ್ಮ ಲ್ಯಾಬಿಗೆ ಬಂದವರು ಯಂತ್ರವನ್ನು ಒಂದು ಸುತ್ತು ಹಾಕಿ ನೋಡಿ ಕೊನೆಗೆ ಕೇಳುವುದು ಬಹುತೇಕ ಇದನ್ನೇ. "ಅಯಾನು ಕಿರಣ ಬೀಳಿಸಿ ಮೇಲ್ಮೈಯ ಅಣುಗಳನ್ನು ಎಬ್ಬಿಸುತ್ತೀರಿ. ಎದ್ದದ್ದನ್ನು ಮಾಸ್ ಸ್ಪೆಕ್ಟ್ರೋಮೀಟರ್ ತೂಗುತ್ತದೆ. ಸರಿ, ಹಾಗಾದರೆ ಪಕ್ಕದಲ್ಲಿ ಈ ಲೇಸರ್ ಯಾಕೆ?"

ಅಯಾನು ಎಂದರೆ ಚಾರ್ಜ್ ಇರುವ ಪರಮಾಣು ಅಥವಾ ಅಣು. ಚಿಕ್ಕ ಉತ್ತರ ಹೀಗಿದೆ. ಎದ್ದ ಅಣುಗಳಲ್ಲಿ ಬಹುಪಾಲು ತಟಸ್ಥ, ಅಂದರೆ ಅವಕ್ಕೆ ಚಾರ್ಜ್ ಇರುವುದಿಲ್ಲ. ಚಾರ್ಜ್ ಇಲ್ಲದ್ದನ್ನು ಸ್ಪೆಕ್ಟ್ರೋಮೀಟರ್ ತೂಗಲಾರದು. ಲೇಸರ್ ಅವಕ್ಕೆ ಚಾರ್ಜ್ ಕೊಡುತ್ತದೆ. ಇದನ್ನು ಕೇಳಿದವರು ತಕ್ಷಣ "ಹಾಗಾದರೆ ಎಲ್ಲರೂ ಒಂದು ಲೇಸರ್ ಇಟ್ಟುಕೊಳ್ಳಬಹುದಲ್ವಾ?" ಎನ್ನುತ್ತಾರೆ. ಮಾತು ಉದ್ದವಾಗುವುದು ಅಲ್ಲಿಂದಲೇ.

ಮೊದಲು ಕಿರಣ ಹುಟ್ಟುವ ಬಗೆ ಹೇಳಬೇಕು. ನಾವು ಹೆಚ್ಚಾಗಿ ಬಳಸುವುದು ದ್ರವಲೋಹದ ಗನ್. ಟಂಗ್‌ಸ್ಟನ್ ಸೂಜಿಯ ತುದಿಯನ್ನು ಕರಗಿದ ಲೋಹ ತೆಳ್ಳಗೆ ಆವರಿಸಿರುತ್ತದೆ. ಎದುರಿಗೆ ಕೆಲವು ಸಾವಿರ ವೋಲ್ಟ್ ಕೊಟ್ಟರೆ ವಿದ್ಯುತ್ ಕ್ಷೇತ್ರ ಆ ದ್ರವವನ್ನು ಮುಂದಕ್ಕೆ ಎಳೆಯುತ್ತದೆ. ಮೇಲ್ಮೈ ಸೆಳೆತ ಅದನ್ನು ಹಿಂದಕ್ಕೆ ಹಿಡಿಯುತ್ತದೆ. ಈ ಜಗ್ಗಾಟದಲ್ಲಿ ದ್ರವ ಚೂಪಾದ ಶಂಕುವಾಗಿ ನಿಲ್ಲುತ್ತದೆ. ಬ್ರಿಟಿಷ್ ವಿಜ್ಞಾನಿ ಜಿ. ಐ. ಟೇಲರ್ 1964ರಲ್ಲಿ ಈ ಆಕಾರದ ಲೆಕ್ಕ ಹಾಕಿ, ಅದರ ಅರ್ಧಕೋನ 49.3 ಡಿಗ್ರಿ ಎಂದು ತೋರಿಸಿದರು. ಅಯಾನುಗಳು ಹೊರಡುವುದು ಆ ಶಂಕುವಿನ ತುದಿಯಿಂದ. ಹುಟ್ಟುವ ಜಾಗವೇ ಅಷ್ಟು ಸಣ್ಣದಾದ್ದರಿಂದ ಕಿರಣವನ್ನು 100 ನ್ಯಾನೋಮೀಟರ್‌ನಷ್ಟು ಚಿಕ್ಕ ಚುಕ್ಕೆಗೂ ಕೂಡಿಸಬಹುದು. ಹಿಂದೆ ಗ್ಯಾಲಿಯಂ ಚಾಲ್ತಿಯಲ್ಲಿತ್ತು. ಅದು 29.8 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ನಿಭಾಯಿಸುವುದು ಸುಲಭ. ಬಿಸ್ಮತ್‌ಗೆ 271 ಡಿಗ್ರಿ ಬೇಕು. ಆದರೂ ಅಣುಗಳನ್ನು ನೋಡುವ ಕೆಲಸದಲ್ಲಿ ಬಿಸ್ಮತ್ ಗೆದ್ದಿದೆ. ಅದು ಮೂರು ಪರಮಾಣು ಅಂಟಿಕೊಂಡ ಅಯಾನುಗಳನ್ನೂ ಕೊಡುತ್ತದೆ, ಅಣುಗಳನ್ನು ಇಡಿಯಾಗಿ ಎಬ್ಬಿಸಲು ಒಂಟಿ ಪರಮಾಣುವಿಗಿಂತ ಅವು ವಾಸಿ.

ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋದರೆ ಆರ್ಗಾನ್ ಕ್ಲಸ್ಟರ್ ಸಿಗುತ್ತದೆ. ಹೆಚ್ಚು ಒತ್ತಡದ ಆರ್ಗಾನ್ ಅನಿಲವನ್ನು ಸಣ್ಣ ತೂತಿನಿಂದ ನಿರ್ವಾತಕ್ಕೆ ಬಿಟ್ಟರೆ ಅದು ಹಿಗ್ಗುತ್ತಾ ತಣ್ಣಗಾಗಿ ಸಾವಿರಾರು ಪರಮಾಣುಗಳ ಗುಂಪುಗಳಾಗುತ್ತದೆ. ಅವಕ್ಕೆ ಎಲೆಕ್ಟ್ರಾನ್ ಹೊಡೆಸಿ ಚಾರ್ಜ್ ಕೊಟ್ಟು ಓಡಿಸುತ್ತಾರೆ. 2,000 ಪರಮಾಣುಗಳ ಗುಂಪಿಗೆ 10,000 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಕೊಟ್ಟರೆ ಒಂದೊಂದರ ಪಾಲಿಗೆ ಬರುವುದು 5 ಮಾತ್ರ. ಇಂಗಾಲ-ಇಂಗಾಲ ಬಂಧ ಮುರಿಯಲು ಸುಮಾರು 3.6 ಬೇಕು, ಅಂದರೆ ಎರಡೂ ಹತ್ತಿರ ಹತ್ತಿರವೇ. ಒಂದು ಕಲ್ಲು ಬೀಸಿ ಹೊಡೆಯುವುದಕ್ಕೂ ಅಷ್ಟೇ ತೂಕದ ಮರಳು ಎರಚುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಮೇಲಿನ ಪದರ ಏಳುತ್ತದೆ, ಕೆಳಗಿನದಕ್ಕೆ ಅಷ್ಟಾಗಿ ಪೆಟ್ಟಾಗುವುದಿಲ್ಲ. ಆದರೆ ಈ ಗುಂಪುಗಳನ್ನು ಬಿಸ್ಮತ್‌ನಷ್ಟು ಸಣ್ಣ ಚುಕ್ಕೆಗೆ ತರುವುದು ಕಷ್ಟ.

ಹೀಗೆ ಕಿರಣ ಬೀಳಿಸಿ, ಎದ್ದ ಅಯಾನುಗಳನ್ನು ತೂಗುವ ವಿಧಾನಕ್ಕೆ ಸಿಮ್ಸ್ (ಸೆಕೆಂಡರಿ ಅಯಾನ್ ಮಾಸ್ ಸ್ಪೆಕ್ಟ್ರೋಮೆಟ್ರಿ) ಎನ್ನುತ್ತಾರೆ. ಹೀಗೆ ಏಟು ಬಿದ್ದಾಗ ಮೇಲ್ಮೈಯಿಂದ ಬೇರೆ ಅಯಾನುಗಳು ಹೊರಬರುವುದನ್ನು ಜೆ. ಜೆ. ಥಾಮ್ಸನ್ 1910ರಲ್ಲೇ ಗಮನಿಸಿದ್ದರು. ಹೊರಬಂದವುಗಳಲ್ಲಿ ಹೆಚ್ಚಿನವು ತಟಸ್ಥ ಎಂಬುದೂ ಅವರ ಕಣ್ಣಿಗೆ ಬಿದ್ದಿತ್ತು.

ಈಗ ಲೆಕ್ಕಕ್ಕೆ ಬರೋಣ. ಒಂದು ಅಣು ಮೇಲ್ಮೈಯಲ್ಲಿ ಸುಮಾರು ಒಂದು ಚದರ ನ್ಯಾನೋಮೀಟರ್ ಜಾಗ ಹಿಡಿಯುತ್ತದೆ ಎಂದುಕೊಳ್ಳಿ. 100 ನ್ಯಾನೋಮೀಟರ್ ಅಗಲ, ಅಷ್ಟೇ ಉದ್ದದ ಒಂದು ಪಿಕ್ಸೆಲ್‌ನಲ್ಲಿ 10,000 ಅಣುಗಳಿರುತ್ತವೆ. ಎದ್ದ ಅಣುಗಳಲ್ಲಿ ಚಾರ್ಜ್ ಪಡೆಯುವುದು ಎಷ್ಟೋ ಬಾರಿ ಹತ್ತು ಸಾವಿರಕ್ಕೆ ಒಂದು. ಅಂದರೆ ಆ ಪಿಕ್ಸೆಲ್ ಪೂರ್ತಿ ಬರಿದಾದರೂ ನಮಗೆ ಸಿಗುವುದು ಒಂದೇ ಒಂದು ಅಯಾನು. ಒಂದೇ ಎಣಿಕೆಯಿಂದ ಚಿತ್ರ ಹೇಗೆ ಮೂಡೀತು?

"ಇನ್ನೂ ಜಾಸ್ತಿ ಹೊಡೆಯಿರಿ" ಎನ್ನಬಹುದು. ಅದೂ ಆಗುವುದಿಲ್ಲ. ಏಟು ಬಿದ್ದ ಜಾಗದ ಸುತ್ತಲಿನ ಅಣುಗಳು ಒಡೆದುಹೋಗುತ್ತವೆ, ಅದೇ ಜಾಗಕ್ಕೆ ಮತ್ತೆ ಹೊಡೆದರೆ ಬರುವುದು ಬರೀ ಚೂರು. ಬಿಸ್ಮತ್‌ನಂಥ ಕಿರಣ ಬಳಸುವಾಗ ಮೇಲ್ಪದರದ ನೂರು ಪರಮಾಣುಗಳಿಗೆ ಒಂದಕ್ಕಿಂತ ಹೆಚ್ಚು ಏಟು ಬೀಳಬಾರದು ಎಂಬ ಕಟ್ಟುಪಾಡು ಇರುವುದು ಅದಕ್ಕೇ. ಜರ್ಮನಿಯ ಆಲ್ಫ್ರೆಡ್ ಬೆನ್ನಿಂಗ್‌ಹೋವನ್ 1970ರ ಆಸುಪಾಸಿನಲ್ಲಿ ಈ ನಾಜೂಕಿನ ದಾರಿ ಹಾಕಿಕೊಟ್ಟರು. ಸರಕೇ ಇಷ್ಟು ಕಡಿಮೆ ಇರುವಾಗ ತಟಸ್ಥ ಅಣುಗಳನ್ನು ಸುಮ್ನೆ ನಿರ್ವಾತದ ಪಂಪಿನ ಪಾಲು ಮಾಡುವುದು ದುಂದು.

ನನಗೆ ಇದಕ್ಕಿಂತ ದೊಡ್ಡ ಕಾರಣ ಅನ್ನಿಸುವುದು ಬೇರೆ ಇದೆ. ಯಾವ ಅಣುವಿಗೆ ಚಾರ್ಜ್ ಸಿಗುತ್ತದೆ ಎಂಬುದು ಅದರ ಅಕ್ಕಪಕ್ಕದವರನ್ನೂ ಅವಲಂಬಿಸಿದೆ. ಶುದ್ಧ ಸಿಲಿಕಾನ್‌ನಿಂದ ಬರುವ ಧನ ಅಯಾನುಗಳಿಗೂ ಆಕ್ಸೈಡ್ ಕೂತ ಸಿಲಿಕಾನ್‌ನಿಂದ ಬರುವವಕ್ಕೂ ನೂರಾರು ಪಟ್ಟು ವ್ಯತ್ಯಾಸ ಕಾಣಬಹುದು. ಸಿಲಿಕಾನ್ ನೂರಾರು ಪಟ್ಟು ಹೆಚ್ಚಿದೆಯಾ? ಇಲ್ಲ. ಆಮ್ಲಜನಕ ಇದ್ದದ್ದರಿಂದ ಚಾರ್ಜ್ ಪಡೆದವು ಹೆಚ್ಚಾದವು ಅಷ್ಟೇ. ಹೀಗಾಗಿ ಸಿಮ್ಸ್ ಚಿತ್ರದಲ್ಲಿ ಹೊಳೆಯುವ ಜಾಗ ಕಂಡಾಗ "ಇಲ್ಲಿ ಈ ವಸ್ತು ಜಾಸ್ತಿ ಇದೆ" ಎಂದು ಹೇಳುವ ಮೊದಲು ನಾಲಿಗೆ ಬಿಗಿಹಿಡಿಯಬೇಕು. ಬಣ್ಣಬಣ್ಣದ ಚಿತ್ರ ಕೊಟ್ಟ ಮೇಲೆ ಯಾರೂ ಈ ಮಾತು ಕೇಳಿಸಿಕೊಳ್ಳುವುದಿಲ್ಲ, ಅದು ಬೇರೆ ವಿಷಯ.

ಲೇಸರ್ ಇದ್ದರೆ ಈ ಎರಡು ಕೆಲಸ ಬೇರೆ ಬೇರೆಯಾಗುತ್ತವೆ: ಎಬ್ಬಿಸುವುದು ಅಯಾನು ಕಿರಣ, ಚಾರ್ಜ್ ಕೊಡುವುದು ಲೇಸರ್. ಅಯಾನುಗಳ ಒಂದು ಚಿಕ್ಕ ಮಿಡಿತ ಬೀಳುತ್ತದೆ. ತಟಸ್ಥ ಅಣುಗಳ ಮೋಡ ಏಳುತ್ತದೆ. ಮೈಕ್ರೋಸೆಕೆಂಡಿನ ಆಸುಪಾಸು ಕಾದು, ಮಾದರಿಯನ್ನು ಮುಟ್ಟದೆ ಅದರ ಮೇಲೆ ಸಮಾನಾಂತರವಾಗಿ ಲೇಸರ್ ಹಾಯಿಸುತ್ತೇವೆ. ಅಷ್ಟರಲ್ಲಿ ಅಣು ಮೇಲ್ಮೈಯನ್ನು ಬಿಟ್ಟಾಗಿದೆ, ಅಕ್ಕಪಕ್ಕದವರ ಪ್ರಭಾವ ಅಷ್ಟಿಲ್ಲ. ಅಲ್ಲಿ ಹುಟ್ಟಿದ ಅಯಾನುಗಳನ್ನು ಟೈಮ್-ಆಫ್-ಫ್ಲೈಟ್ ಕೊಳವೆಗೆ ಎಳೆಯುತ್ತೇವೆ. ಹಗುರವಾದವು ಬೇಗ ಮುಟ್ಟುತ್ತವೆ, ಭಾರದವು ನಿಧಾನ. 2,000 ವೋಲ್ಟ್‌ನಲ್ಲಿ ಹೊರಟ, 100 ಪರಮಾಣು ರಾಶಿ ಘಟಕ ತೂಕದ ಅಯಾನಿಗೆ 2 ಮೀಟರ್ ದಾರಿ ಸುಮಾರು 32 ಮೈಕ್ರೋಸೆಕೆಂಡ್, 200 ಘಟಕದ್ದಕ್ಕೆ 45.

ಲೇಸರ್‌ನ ಬಣ್ಣ ಆರಿಸುವುದೇ ಒಂದು ವಿದ್ಯೆ. ಸಾವಯವ ಅಣುಗಳಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳಲು ಸಾಮಾನ್ಯವಾಗಿ 7ರಿಂದ 10 ಎಲೆಕ್ಟ್ರಾನ್ ವೋಲ್ಟ್ ಬೇಕು. ಫ್ಲೋರಿನ್ ಲೇಸರ್‌ನ 157 ನ್ಯಾನೋಮೀಟರ್ ಬೆಳಕಿನ ಒಂದು ಫೋಟಾನ್, ಅಂದರೆ ಬೆಳಕಿನ ಒಂದು ಕಣ, 7.9 ಕೊಡುತ್ತದೆ. ಸಾಮಾನ್ಯ ಎನ್‌ಡಿ-ಯಾಗ್ ಲೇಸರ್‌ನ ಒಂಬತ್ತನೇ ಹಾರ್ಮೋನಿಕ್ (ಮೂಲ ತರಂಗಾಂತರದ ಒಂಬತ್ತನೇ ಒಂದು ಪಾಲಿನ ಬೆಳಕು), 118 ನ್ಯಾನೋಮೀಟರ್, 10.5 ಕೊಡುತ್ತದೆ. ಅದರ ನಾಲ್ಕನೇ ಹಾರ್ಮೋನಿಕ್ ಆದ 266ಕ್ಕೆ 4.66 ಮಾತ್ರ, ಹಾಗಾಗಿ ಎರಡು ಫೋಟಾನ್ ಬೇಕು. ಈ ಎರಡು ಫೋಟಾನಿನ ದಾರಿಯಲ್ಲಿ ಒಂದು ಸೊಗಸಿದೆ. ಮೊದಲ ಫೋಟಾನನ್ನು ಚೆನ್ನಾಗಿ ಹೀರುವ ಅಣುಗಳಿಗೆ ಮಾತ್ರ ಎರಡನೆಯದು ಸುಲಭವಾಗಿ ಚಾರ್ಜ್ ಕೊಡುತ್ತದೆ. ಉಂಗುರ ಉಂಗುರವಾಗಿ ಕೂಡಿದ ಆರೋಮ್ಯಾಟಿಕ್ ಅಣುಗಳು 266ಕ್ಕೆ ಒಲಿಯುತ್ತವೆ. ಮಿಕ್ಕವು ಹೆಚ್ಚಾಗಿ ಸುಮ್ಮನಿರುತ್ತವೆ.

ಇದರ ಹೆಸರಾಂತ ಉದಾಹರಣೆ ಮಂಗಳದ ಒಂದು ಉಲ್ಕಾಶಿಲೆ. 1984ರಲ್ಲಿ ಅಂಟಾರ್ಕ್ಟಿಕಾದ ಅಲನ್ ಹಿಲ್ಸ್‌ನಲ್ಲಿ ಸಿಕ್ಕ, 1.93 ಕಿಲೋ ತೂಕದ ಆ ಕಲ್ಲಿಗೆ ಎಎಲ್‌ಎಚ್ 84001 ಎಂದು ಹೆಸರು. ಸ್ಟ್ಯಾನ್‌ಫರ್ಡ್‌ನಲ್ಲಿ ರಿಚರ್ಡ್ ಜೇರ್ ತಂಡ ಅದರ ಚೂರಿನ ಮೇಲೆ ಅವಕೆಂಪು (ಇನ್‌ಫ್ರಾರೆಡ್) ಲೇಸರ್ ಬಿಟ್ಟು ಅಣುಗಳನ್ನು ಎಬ್ಬಿಸಿತು, 266ರ ಲೇಸರ್‌ನಿಂದ ಚಾರ್ಜ್ ಕೊಟ್ಟಿತು. ಇಲ್ಲಿ ಅಯಾನು ಕಿರಣವೇ ಇಲ್ಲ, ಎರಡೂ ಕೆಲಸ ಲೇಸರ್‌ಗಳದ್ದೇ. ಫಿನಾಂಥ್ರೀನ್, ಪೈರೀನ್‌ನಂಥ ಆರೋಮ್ಯಾಟಿಕ್‌ಗಳು ಕಂಡವು. ಹೊರಮೈಯಿಂದ ಒಳಗೆ ಹೋದಂತೆ ಅವು ಹೆಚ್ಚಾಗುತ್ತಿದ್ದವು. 1996ರಲ್ಲಿ ಇದು ಮಂಗಳದ ಜೀವಿಯ ಕುರುಹು ಇರಬಹುದೆಂಬ ವಾದದ ಒಂದು ಎಳೆಯಾಯಿತು. ಜೀವದ ಸಂಬಂಧವಿಲ್ಲದ ಉಲ್ಕೆಗಳಲ್ಲೂ ಈ ಅಣುಗಳು ಇರುತ್ತವೆ ಎಂದು ಉಳಿದವರು ಆಕ್ಷೇಪಿಸಿದರು. ಯಂತ್ರ ಹೇಳಿದ್ದು ಯಾವ ಅಣು, ಎಲ್ಲಿದೆ ಎಂಬುದಷ್ಟನ್ನೇ. ಅದು ಎಲ್ಲಿಂದ ಬಂತು ಎನ್ನುವುದು ಲೇಸರ್‌ಗೆ ಗೊತ್ತಾಗುವ ಸಂಗತಿಯಲ್ಲ.

ಎಲ್ಲರೂ ಲೇಸರ್ ಯಾಕೆ ಇಟ್ಟುಕೊಳ್ಳುವುದಿಲ್ಲ ಎಂಬುದು ಇನ್ನೂ ಬಾಕಿ ಇದೆ. ಒಂದು, ಅದು ಒಡೆಯುತ್ತದೆ. ಏಟಿನಿಂದ ಎದ್ದ ಅಣು ಮೊದಲೇ ಬಿಸಿಯಾಗಿ ನಡುಗುತ್ತಿರುತ್ತದೆ, ಮೇಲೆ ಇನ್ನಷ್ಟು ಫೋಟಾನ್ ಸುರಿದರೆ ಚೂರಾಗುತ್ತದೆ. ಇನ್ನೊಂದು, ಸಮಯ. ಬರೀ ಅಯಾನು ಗನ್ ಸೆಕೆಂಡಿಗೆ 10,000 ಬಾರಿ ಮಿಡಿಯಬಲ್ಲದು. 256ಕ್ಕೆ 256 ಪಿಕ್ಸೆಲ್‌ಗಳ ಚಿತ್ರದ ಒಂದು ಸುತ್ತು ಆರೇಳು ಸೆಕೆಂಡಿಗೆ ಮುಗಿಯುತ್ತದೆ. ಸೆಕೆಂಡಿಗೆ 1,000 ಮಿಡಿತದ ಲೇಸರ್ ಇದ್ದರೆ ಅದೇ ಸುತ್ತಿಗೆ ಒಂದು ನಿಮಿಷಕ್ಕೂ ಹೆಚ್ಚು. ಸಾಲದ್ದಕ್ಕೆ ಎದ್ದ ಮೋಡ ಹರಡಿಕೊಳ್ಳುತ್ತದೆ, ಲೇಸರ್ ಹಾದುಹೋಗುವುದು ಅದರ ಒಂದು ಭಾಗದಲ್ಲಿ ಮಾತ್ರ. ಬೆಳಕನ್ನು ಸರಿಯಾದ ಜಾಗಕ್ಕೆ ಕೂರಿಸುವುದರಲ್ಲೇ ಅರ್ಧ ದಿನ ಹೋಗುವುದುಂಟು.

ಅಣುಗಳನ್ನು ತೂಗುವ ಇನ್ನೊಂದು ವಿಧಾನವಾದ ಮಾಲ್ಡಿ ಕೂಡ ಇದೇ ಅಲ್ವಾ ಎಂದು ಕೆಲವರು ಕೇಳುತ್ತಾರೆ. ಪೂರ್ತಿ ಅಲ್ಲ. ಅಲ್ಲಿ ಮಾದರಿಗೆ ಬೆಳಕು ಹೀರುವ ಸಣ್ಣ ಅಣುಗಳನ್ನು ಬೆರೆಸಿ ಲೇಸರ್‌ನಿಂದಲೇ ಎಬ್ಬಿಸುತ್ತಾರೆ. ದೊಡ್ಡ ಪ್ರೋಟೀನ್‌ಗಳಿಗೆ ಅದೇ ಸರಿ. ಆದರೆ ತಟಸ್ಥ ಅಣುಗಳ ಗೋಳು ಅಲ್ಲೂ ಇದೆ. 2015ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್‌ನ ತಂಡವೊಂದು ಎದ್ದ ಮೋಡಕ್ಕೆ ಎರಡನೇ ಲೇಸರ್ ಹಾಯಿಸಿ, ಕೆಲವು ಕೊಬ್ಬಿನ ಅಣುಗಳ ಸಂಕೇತವನ್ನು ನೂರು ಪಟ್ಟಿನವರೆಗೆ ಹೆಚ್ಚಿಸಿತು.

ಹಾಗಾಗಿ ಮಾದರಿ ತಂದವರನ್ನು ನಾನು ಮೊದಲು ಕೇಳುವುದು, ಏನಿದೆ ಎಂದು ತಿಳಿಯಬೇಕೋ, ಎಷ್ಟಿದೆ ಎಂದೋ. ಏನಿದೆ ಎಂದಾದರೆ ಲೇಸರ್ ಆನ್ ಮಾಡುವುದೇ ಇಲ್ಲ. ಬಿಸ್ಮತ್ ಕಿರಣದಲ್ಲಿ ಬೆಳಿಗ್ಗೆ ಶುರುಮಾಡಿದರೆ ಮಧ್ಯಾಹ್ನದೊಳಗೆ ಉತ್ತರ ಸಿಗುವುದೇ ಹೆಚ್ಚು. ಎರಡು ಬೇರೆ ಬೇರೆ ಮೇಲ್ಮೈಗಳಲ್ಲಿ ಒಂದೇ ವಸ್ತು ಎಷ್ಟೆಷ್ಟಿದೆ ಎಂದು ಹೋಲಿಸಬೇಕಾದರೆ, ಅಥವಾ ಹುಡುಕುತ್ತಿರುವುದು ಆರೋಮ್ಯಾಟಿಕ್ ಎಂದು ಮೊದಲೇ ಗೊತ್ತಿದ್ದರೆ, ಆಗ ಲೇಸರ್ ಬಿಸಿಯಾಗಲು ಬಿಟ್ಟು ಕೂರುತ್ತೇನೆ.