18 ಎಂಎಂ ಬಳೆ

ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚುವಾಗ ಮೊದಲು ಕಿರ್ ಅಂತು. ಆಮೇಲೆ ಬೆಣ್ಣೆಯಲ್ಲಿ ಇದ್ದಂತೆ ಬಂತು. ಅಷ್ಟು ಸಲೀಸಾಗಿ ಬಂದರೆ ಖುಷಿ ಪಡಬಾರದು ಅಂತ ನನಗೆ ಗೊತ್ತಿರಬೇಕಿತ್ತು. ಹೊರಗೆ ತೆಗೆದು ನೋಡಿದರೆ ಪ್ಲಗ್ಗಿನ ಮೈಗೆ ಸುರುಳಿ ತಂತಿಯೊಂದು ಸುತ್ತಿಕೊಂಡು ಬಂದಿತ್ತು.

ಬಳ್ಳಾರಿ ಹತ್ತಿರದ ಒಂದು ಕಾಲೇಜಿನ ವರ್ಕ್‌ಶಾಪಿನಲ್ಲಿ ನಾನು ಹುಡುಗರಿಗೆ ಎಂಜಿನ್ ಕೆಲಸ ಕಲಿಸುತ್ತೇನೆ. ಅದಕ್ಕೂ ಮೊದಲು ಕೆಲವು ವರ್ಷ ವಿಮಾನ ತರಬೇತಿ ಶಾಲೆಯ ಹ್ಯಾಂಗರಿನಲ್ಲಿ ಟೆಕ್ನಿಶಿಯನ್ ಆಗಿದ್ದೆ. ನಮ್ಮಲ್ಲಿ ಒಂದು ಹಳೇ ಲೈಕಮಿಂಗ್ ಎಂಜಿನ್ ಇದೆ. ನಾಲ್ಕು ಸಿಲಿಂಡರಿಂದು, ಸೆಸ್ನಾದಂಥ ಸಣ್ಣ ವಿಮಾನಗಳಿಗೆ ಹಾಕುವಂಥದ್ದು. ಹಾರುವ ಆಯಸ್ಸು ಮುಗಿದು ಈಗ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತಿದೆ. ತಿಂಗಳಿಗೊಮ್ಮೆ ಅಂಗಳದಲ್ಲಿ ಸ್ಟಾರ್ಟ್ ಮಾಡಿ ತೋರಿಸುತ್ತೇವೆ. ಫ್ಯಾನ್ ತಿರುಗಿದರೆ ಕೆಂಪು ಧೂಳು ಎದ್ದು ಹುಡುಗರೆಲ್ಲ ಅದಿರು ಲಾರಿ ಹಿಂದೆ ಬಂದವರಂತೆ ಕಾಣುತ್ತಾರೆ.

ಈ ಎಂಜಿನ್ನಿಗೆ ಸಿಲಿಂಡರಿಗೆ ಎರಡರಂತೆ ಎಂಟು ಪ್ಲಗ್. ಅವಕ್ಕೆ ಕಿಡಿ ಕೊಡಲು ಎರಡು ಮ್ಯಾಗ್ನೆಟೊ. ಒಂದನ್ನು ಆಫ್ ಮಾಡಿದರೆ ವೇಗ ಸ್ವಲ್ಪ ಇಳಿಯುತ್ತದೆ. 175 ಆರ್‌ಪಿಎಂಗಿಂತ ಜಾಸ್ತಿ ಇಳಿಯಬಾರದು. ಆ ಶನಿವಾರ 300 ಇಳಿಯಿತು, ಸ್ಟ್ಯಾಂಡೇ ನಡುಗಿತು. ಯಾವ ಸಿಲಿಂಡರ್ ಅಂತ ಹುಡುಕಲು ಹಳೇ ಉಪಾಯ ಮಾಡಿದೆವು. ಆಗ ಆನ್ ಇದ್ದ ಮ್ಯಾಗ್ನೆಟೊ ಒಂದರ ಮೇಲೇ ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಸೈಲೆನ್ಸರ್ ಪೈಪುಗಳ ಬುಡಕ್ಕೆ ನೀರು ಚಿಮುಕಿಸಿದೆವು. ಮೂರು ಪೈಪು ದೋಸೆ ಹಂಚಿನಂತೆ ಚುರ್ ಅಂದವು. ಮೂರನೇ ಸಿಲಿಂಡರಿಂದು ಮಾತ್ರ ಸುಮ್ಮನಿತ್ತು. ಅದರ ಕೆಳಗಿನ ಪ್ಲಗ್ ಸತ್ತಿತ್ತು. ಕೆಳಗಿನ ಪ್ಲಗ್ಗುಗಳ ಹಣೆಬರಹವೇ ಅಷ್ಟು. ಎಣ್ಣೆ, ವಿಮಾನದ ಪೆಟ್ರೋಲು ಏವ್‌ಗ್ಯಾಸಿನಲ್ಲಿರುವ ಸೀಸ, ಎಲ್ಲ ಇಳಿದು ಅಲ್ಲೇ ಕೂರುತ್ತದೆ.

ಪ್ಲಗ್ಗನ್ನು ಎಂಜಿನ್ ತಣ್ಣಗಾದ ಮೇಲೆ ಬಿಚ್ಚಬೇಕು. ಇದನ್ನು ಬೋರ್ಡಿನ ಮೇಲೆ ಬರೆಸಿದವನೂ ನಾನೇ. ಆದರೆ ಬಳ್ಳಾರಿಯ ಏಪ್ರಿಲ್, ಮಧ್ಯಾಹ್ನ ಹನ್ನೆರಡು ಗಂಟೆ. ಏನು ತಣ್ಣಗಾದೀತು? ಹುಡುಗರು ಬಸ್ಸಿಗೆ ಹೊರಡುವ ಮೊದಲು ತೋರಿಸಿಬಿಡೋಣ ಅಂತ ಪಾನಾ ಹಾಕಿದೆ.

ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ಮೆತ್ತಗಿನ ಲೋಹ. ಪ್ಲಗ್ ಮತ್ತೆ ಮತ್ತೆ ಬಿಚ್ಚಿ ಹಾಕಿದರೆ ಥ್ರೆಡ್, ಅಂದರೆ ತಿರುಪಿನ ಗೆರೆ, ಉಳಿಯಲ್ಲ. ಅದಕ್ಕೇ ಕಂಪನಿಯವರು 18 ಎಂಎಂ ಪ್ಲಗ್ಗಿನ ತೂತಿನ ಒಳಗೆ ಸ್ಟೇನ್‌ಲೆಸ್ ತಂತಿಯ ಸುರುಳಿ ಕೂರಿಸಿರುತ್ತಾರೆ, ಹೆಲಿಕಾಯಿಲ್ ಅಂತ. ಪ್ಲಗ್ ಕಚ್ಚುವುದು ಆ ಸುರುಳಿಯನ್ನು. ಅದೇ ಈಗ ನನ್ನ ಕೈಯಲ್ಲಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ಹೊಸ ಸುರುಳಿ ಹಾಕಿ ಮುಗಿಯುತ್ತಿತ್ತು. ಹತ್ತು ಜೋಡಿ ಕಣ್ಣು ನೋಡುತ್ತಿದ್ದವಲ್ಲ, ಅದೇ ಸುರುಳಿಯನ್ನು ಪ್ಲಗ್ ಸಮೇತ ವಾಪಸ್ ತಿರುಗಿಸಲು ಹೋದೆ. ಸೊಟ್ಟಗೆ ಹತ್ತಿತು. ಅಲ್ಯೂಮಿನಿಯಂ ಪುಡಿ ಕೆನ್ನೆ ಮೇಲೆ ಉದುರಿತು.

ಸಂಜೆ ಬಳ್ಳಾರಿಯ ಕೌಲ್ ಬಜಾರಿಗೆ ಹೋದೆ. ಅಲ್ಲಿ ನಮ್ಮಪ್ಪನ ಲಾರಿ ಕಾಲದಿಂದಲೂ ಗೊತ್ತಿರುವ ಲೇತ್ ಮೇಸ್ತ್ರಿ ಚಾಚಾ ಇದ್ದಾರೆ. ಮೊಬೈಲಿನಲ್ಲಿ ಫೋಟೊ ತೋರಿಸಿದೆ.

"ಚೂಡಿ ಹೋಗ್ಯಾವ ಬೇಟಾ," ಅಂದರು. "ಹಿತ್ತಾಳಿ ಬುಶ್ ಹಾಕಿಬಿಡಾಣ. ಎಷ್ಟು ಬೈಕಿಗೆ ಹಾಕೀನಿ, ಒಂದೂ ವಾಪಸ್ ಬಂದಿಲ್ಲ."

ಚೂಡಿ ಅಂದರೆ ಥ್ರೆಡ್. ಚೂಡಿ ಅಂದರೆ ಬಳೆಯೂ ಹೌದು. ಸುರುಳಿ ಕೈಯಲ್ಲಿ ಹಿಡಿದು ಆ ಮಾತು ಕೇಳಿದಾಗ ಸರಿ ಅನ್ನಿಸಿತು.

ಆದರೆ ಬುಶ್ ಬೇಡ ಅಂದೆ. ಆ ಹಿತ್ತಾಳೆ ಕೊಳವೆ ಕೂರಬೇಕಾದರೆ ತೂತನ್ನು ಇನ್ನೂ ದೊಡ್ಡದು ಮಾಡಬೇಕು. ಪ್ಲಗ್ ತೂತಿಗೂ ಎಕ್ಸಾಸ್ಟ್ ವಾಲ್ವಿನ ಸೀಟಿಗೂ ನಡುವೆ ಇರುವ ಜಾಗವೇ ಕಮ್ಮಿ. ಬಿರುಕು ಬಿಡುವುದೂ ಅಲ್ಲೇ. ಚಾಚಾ ಸ್ವಲ್ಪ ಮುನಿಸಿಕೊಂಡರು. "ಹಂಗಾದ್ರ ನನ್ನ ಯಾಕ ಕರೀತಿ?" ಅಂದರು. "ಟ್ಯಾಪ್ ಹಿಡಿಯೋ ಕೈ ಬೇಕ್ರೀ ಚಾಚಾ, ನನ್ನ ಕೈ ಇವತ್ತು ನಡುಗಾಕ ಹತ್ತೈತಿ," ಅಂದೆ. ಟ್ಯಾಪ್ ಅಂದರೆ ತೂತಿನೊಳಗೆ ಥ್ರೆಡ್ ಕೊರೆಯುವ ಟೂಲು. ಟೀ ತರಿಸಿದರು. ಒಪ್ಪಿದರು ಅಂತ ಅರ್ಥ.

ಹಳೇ ಹ್ಯಾಂಗರಿನ ಗೆಳೆಯನಿಗೆ ಫೋನ್ ಮಾಡಿದ್ದೆ. ಮಾಮೂಲಿಗಿಂತ ಇಂಚಿನ ನೂರನೇ ಒಂದು ಭಾಗ ದಪ್ಪದ ಸುರುಳಿ, ಅದಕ್ಕೆ ತಕ್ಕ ಟ್ಯಾಪು, ಕೂರಿಸುವ ಟೂಲು, ಎಲ್ಲ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂತು. ಕಳಿಸುವ ಮೊದಲು ಅವನು ಎರಡು ಸಲ ಕೇಳಿದ, "ಹಾರೋ ಎಂಜಿನ್ ಅಲ್ಲ ತಾನೆ?" ಹಾರುವುದಾಗಿದ್ದರೆ ನಾನೂ ಚಾಚಾನೂ ಮುಟ್ಟುವ ಹಾಗೇ ಇರಲಿಲ್ಲ. ಲೈಸೆನ್ಸ್ ಇರುವ ಎಂಜಿನಿಯರ್ ನೋಡಿ ಸಹಿ ಹಾಕಬೇಕು.

ಭಾನುವಾರ ಬೆಳಿಗ್ಗೆ ಆರಕ್ಕೇ ಶುರು ಮಾಡಿದೆವು. ಕೆಳಮುಖದ ತೂತಾಗಿದ್ದು ಪುಣ್ಯ. ಮೇಲಿನದಾಗಿದ್ದರೆ ಪುಡಿಯೆಲ್ಲ ಸಿಲಿಂಡರಿನೊಳಗೇ ಬೀಳುತ್ತಿತ್ತು. ಟ್ಯಾಪಿನ ಮೈಮೇಲಿನ ತೋಡುಗಳಿಗೆ ಗ್ರೀಸ್ ಮೆತ್ತಿದೆ. ಪುಡಿ ಅದಕ್ಕೇ ಅಂಟಿಕೊಳ್ಳಲಿ ಅಂತ. ಚಾಚಾ ಚಾಪೆ ಹಾಸಿ ಅಂಗಾತ ಮಲಗಿದರು. ಟ್ಯಾಪನ್ನು ತೂತಿಗೆ ಇಟ್ಟು ಕಣ್ಣು ಮುಚ್ಚಿದರು. ನೆಟ್ಟಗಿದೆಯೋ ಇಲ್ಲವೋ ಅಂತ ಬೆರಳಲ್ಲೇ ಕೇಳಿಸಿಕೊಳ್ಳುವ ಹಾಗಿತ್ತು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ನಡುವೆ ಎರಡು ಹನಿ ಸೀಮೆಎಣ್ಣೆ. ಆಗಾಗ ಹೊರಗೆ ತೆಗೆದು, ಒರೆಸಿ, ಮತ್ತೆ ಗ್ರೀಸ್. ಇಪ್ಪತ್ತು ನಿಮಿಷ ಯಾರೂ ಮಾತಾಡಲಿಲ್ಲ. ಬಂದಿದ್ದ ಇಬ್ಬರು ಹುಡುಗರೂ ಮೊಬೈಲ್ ಮುಟ್ಟಲಿಲ್ಲ.

ಸುರುಳಿ ಹೊರಗಿದ್ದಾಗ ತೂತಿಗಿಂತ ಅಗಲ. ಟೂಲಿನಲ್ಲಿ ಅದನ್ನು ಒತ್ತಿ ಕಿರಿದು ಮಾಡುತ್ತಾ ತಿರುಗಿಸಬೇಕು. ಒಳಗೆ ಹೋಗಿ ಬಿಟ್ಟ ಮೇಲೆ ಅಗಲವಾಗಿ ಕಚ್ಚಿಕೊಳ್ಳುತ್ತದೆ. ಬಳೆಗಾರ ಕೈ ಹಿಸುಕಿ ಬಳೆ ಏರಿಸುತ್ತಾನೆ, ಇಲ್ಲಿ ಬಳೆಯನ್ನೇ ಹಿಸುಕಬೇಕು. ಪ್ಲಗ್ ವಾಷರ್ ಕೂರುವ ಮಟ್ಟಕ್ಕಿಂತ ಒಂಚೂರು ಒಳಗೆ ನಿಲ್ಲಿಸಿದೆವು.

ಸುರುಳಿಯ ತುದಿಯಲ್ಲಿ ಒಂದು ಸಣ್ಣ ಕೊಂಡಿ ಇರುತ್ತದೆ. ಟೂಲ್ ಅದನ್ನೇ ಹಿಡಿದು ತಿರುಗಿಸುವುದು. ಕೂತ ಮೇಲೆ ಅದನ್ನು ಮುರಿದು ತೆಗೆಯಬೇಕು. ನೋಸ್ ಪ್ಲೈಯರಿನಿಂದ ಹಿಡಿದು ಆಡಿಸಿದೆ. ಟಿಕ್ ಅಂತು. ಪ್ಲೈಯರ್ ಹೊರಗೆ ಬಂತು, ಕೊಂಡಿ ಬರಲಿಲ್ಲ.

ಚಾಪೆ ಜಾಡಿಸಿದೆವು. ನೆಲ ಗುಡಿಸಿದೆವು. ಚಾಚಾ ಆಯಸ್ಕಾಂತದ ಕಡ್ಡಿ ತೂರಿಸಿದರು. ಅದು ಸ್ಟೇನ್‌ಲೆಸ್, ಸರಿಯಾಗಿ ಹತ್ತಲ್ಲ. ಕಡೆಗೆ ಒಬ್ಬ ಹುಡುಗ ಮೊಬೈಲಿಗೆ ಜೋಡಿಸುವ ವೈರ್ ಕ್ಯಾಮೆರಾ ಒಳಗೆ ಬಿಟ್ಟ. ವಾಲ್ವಿನ ಪಕ್ಕ, ಕಪ್ಪು ಮಸಿಯ ಮೇಲೆ ಅಕ್ಕಿ ನುಚ್ಚಿನಂತೆ ಹೊಳೆಯುತ್ತಾ ಬಿದ್ದಿತ್ತು. ತಂತಿ ತುದಿಗೆ ಗ್ರೀಸ್ ಹಚ್ಚಿ ಅಂಟಿಸಿ ತೆಗೆಯಲು ಮುಕ್ಕಾಲು ಗಂಟೆ ಬೇಕಾಯಿತು. ಟ್ಯಾಪ್ ಹೊಡೆದದ್ದರ ಎರಡು ಪಟ್ಟಿಗಿಂತ ಜಾಸ್ತಿ ಹೊತ್ತು! ಆಮೇಲೆ ಮೇಲಿನ ಪ್ಲಗ್ ಬಿಚ್ಚಿ, ಆ ತೂತಿನಿಂದ ಗಾಳಿ ಊದಿ, ಉಳಿದ ಪುಡಿಯನ್ನು ಕೆಳಗಿಂದ ಹೊರಗೆ ಹಾಕಿದೆವು.

ಮೇಲಿನ ಪ್ಲಗ್ ವಾಪಸ್ ಕೂರಿಸಿ ಕೆಳಗಿನದಕ್ಕೆ ಬಂದೆವು. ಹೊಸ ತಾಮ್ರದ ವಾಷರ್, ಥ್ರೆಡ್ಡಿಗೆ ತುದಿ ಬಿಟ್ಟು ಒಂಚೂರು ಗ್ರಾಫೈಟ್ ಪೇಸ್ಟ್. ಕೊನೆಯವರೆಗೂ ಬೆರಳಲ್ಲೇ ತಿರುಗಿತು. ಆಮೇಲೆ ಟಾರ್ಕ್ ಪಾನಾ, 35 ಫುಟ್-ಪೌಂಡಿಗೆ. ಟಕ್ ಅಂದ ಮೇಲೂ ಚಾಚಾರ ಕೈ ಅಭ್ಯಾಸಬಲದಿಂದ ಇನ್ನೊಮ್ಮೆ ಎಳೆಯಲು ಹೋಯಿತು. ಮಣಿಕಟ್ಟು ಹಿಡಿದೆ. "ಇಷ್ಟ ಸಾಕಾ?" ಅಂತ ನಂಬದೆ ನೋಡಿದರು.

ಸಿಲಿಂಡರಿಗೆ 80 ಪಿಎಸ್‌ಐ ಒತ್ತಡದ ಗಾಳಿ ಕೊಟ್ಟು ನೋಡಿದರೆ 74 ನಿಂತಿತು, ಅಂದರೆ ಸೋರಿಕೆ ಕಮ್ಮಿ. ಪ್ಲಗ್ ಸುತ್ತ ಸಾಬೂನು ನೀರು ಹಚ್ಚಿದೆವು. ಒಂದು ಗುಳ್ಳೆಯೂ ಏಳಲಿಲ್ಲ. ಅಲ್ಲಿಯವರೆಗೂ ತಡೆದಿದ್ದ ಹಸಿವು ಆಗ ಬಂತು. ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿದೆವು. ಚಾಚಾ ದುಡ್ಡು ತಗೊಳ್ಳಲಿಲ್ಲ, ಹಳೇ ಸುರುಳಿ ಕೇಳಿ ಇಸಕೊಂಡು ಹೋದರು.

ಎಂಜಿನ್ನಿನ ರಿಜಿಸ್ಟರಿನಲ್ಲಿ ರಿಪೇರಿ ಬರೆದೆ. ಕಾರಣ ಅನ್ನುವ ಖಾನೆಯಲ್ಲಿ "ಬಿಸಿ ಇರುವಾಗ ಪ್ಲಗ್ ಬಿಚ್ಚಿದ್ದು" ಅಂತ ಬರೆದು ನನ್ನ ಹೆಸರೇ ಹಾಕಿದೆ.

ಸೋಮವಾರ ಎಂಜಿನ್ ಓಡಿಸಿದೆವು. ಮ್ಯಾಗ್ನೆಟೊ ಆಫ್ ಮಾಡಿದಾಗ 90 ಇಳಿಯಿತು, ನಡುಕವಿಲ್ಲ. ನಿಲ್ಲಿಸಿದ ಮೇಲೆ ಹಿಂದಿನ ಸಾಲಿನ ಹುಡುಗ ಕೇಳಿದ, "ಸರ್, ಪ್ಲಗ್ ಬಿಚ್ಚಿ ನೋಡಾಣೇನ್ರಿ?"

"ನಾಳೆ ಬೆಳಿಗ್ಗೆ ಆರಕ್ಕೆ ಬಾ," ಅಂದೆ.