ತಟ್ಟೆಯಲ್ಲಿ ಒಂದು ಹನಿ ಹಾಕಿದ್ರೆ ಆಗಲ್ವಾ?

ಆಗಲ್ಲ.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಗಾಯವಾದ ಕಡೆಗೆ ಬಿಳಿ ರಕ್ತಕಣ ಓಡುತ್ತದಲ್ಲ, ಅದಕ್ಕೆ ದಾರಿ ಹೇಗೆ ಗೊತ್ತಾಗುತ್ತೆ ಅಂತ ನೋಡುವುದು ನನ್ನ ಕೆಲಸ. ಕೆಮಿಕಲ್ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಇದ್ದರೆ ಕೋಶ ಜಾಸ್ತಿ ಇರುವ ಕಡೆಗೆ ಹೊರಡುತ್ತದೆ. ಈ ಏರಿಳಿತಕ್ಕೆ ಗ್ರೇಡಿಯಂಟ್ ಅನ್ನುತ್ತೇವೆ. ಅದನ್ನು ನೋಡಲು ಪಾರದರ್ಶಕ ಸಿಲಿಕೋನ್ ರಬ್ಬರಿನಲ್ಲಿ ಕೂದಲೆಳೆಯಷ್ಟು ಅಗಲದ ಕಾಲುವೆಗಳಿರುವ ಚಿಪ್ ಮಾಡಿ, ಗಾಜಿಗೆ ಅಂಟಿಸಿ, ಪೈಪು ಸಿಕ್ಕಿಸಿ ಪಂಪಿನಿಂದ ದ್ರವ ಹರಿಸುತ್ತಾ, ಮೈಕ್ರೋಸ್ಕೋಪಿನ ಕೆಳಗಿಟ್ಟು ಕಾಯುತ್ತೇವೆ. ಇಷ್ಟು ವಿವರಿಸಿ ಮಾತು ಮುಗಿಸಿದ್ದೆ, ಹಿಂದಿನ ಸಾಲಿನಿಂದ ಒಬ್ಬರು ಎದ್ದರು. "ಅಲ್ಲ, ಸುಮ್ನೆ ಒಂದು ತಟ್ಟೆಯಲ್ಲಿ ಕೋಶ ಹರಡಿ ಮೂಲೆಗೆ ಒಂದು ಹನಿ ಕೆಮಿಕಲ್ ಹಾಕಿದ್ರೆ ಆಗಲ್ವಾ? ಇಷ್ಟೆಲ್ಲ ಪೈಪು ಯಾಕೆ?" ಪ್ರಶ್ನೆ ಇರಲಿ, ಆ "ಸುಮ್ನೆ" ಇದೆಯಲ್ಲ, ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಹಾಕಿ ನೋಡಿ ಸ್ವಾಮಿ. ಹನಿ ಬಿದ್ದ ಕೂಡಲೇ ದ್ರವ ಕದಡುತ್ತದೆ. ತಟ್ಟೆ ಎತ್ತಿಡುವಾಗ ಇನ್ನೊಂದು ಸಲ ಕದಡುತ್ತದೆ. ಆಮೇಲೆ ಎಲ್ಲಿ ಎಷ್ಟು ಕೆಮಿಕಲ್ ಇದೆ ಅಂದರೆ ದೇವರಿಗೇ ಗೊತ್ತು. ಆದರೆ ಕೋಶದ ಲೆಕ್ಕ ಬಲು ಸೂಕ್ಷ್ಮ. ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣ ಇರುವುದೇ 10 ಮೈಕ್ರಾನ್ ಚಿಲ್ಲರೆ ಅಗಲ. ಅದರ ಈ ತುದಿಗೂ ಆ ತುದಿಗೂ ಶೇ. 1ರಷ್ಟು ವ್ಯತ್ಯಾಸ ಇದ್ದರೂ ದಿಕ್ಕು ಕಂಡುಕೊಳ್ಳುತ್ತದೆ ಅಂತ ವಿಜ್ಞಾನಿ ಸ್ಯಾಲಿ ಜಿಗ್ಮಂಡ್ 1977ರಲ್ಲೇ ತೋರಿಸಿದ್ದಾರೆ.

ಚಿಪ್ ಬರುವ ಮೊದಲು ಯಾರೂ ಏನೂ ಮಾಡಿರಲಿಲ್ಲ ಅಂತಲ್ಲ. 1962ರಲ್ಲಿ ಬಾಯ್ಡನ್ ಅನ್ನುವ ವಿಜ್ಞಾನಿ ಮಾಡಿದ ಉಪಾಯ ಈಗಲೂ ನಡೆಯುತ್ತಿದೆ: ತೂತುಗಳಿರುವ ಪೊರೆ, ಮೇಲೆ ಕೋಶ, ಕೆಳಗೆ ಕೆಮಿಕಲ್. ಒಳಗೆ ಎಷ್ಟು ನುಗ್ಗಿದವು ಅಂತ ಕೊನೆಗೆ ಎಣಿಸುವುದು. ಸುಲಭ, ಖರ್ಚೂ ಕಡಿಮೆ. ಆದರೆ ಕೋಶ ನಡೆದ ದಾರಿ ಕಾಣುವುದಿಲ್ಲ. ಅದು ಕೆಮಿಕಲ್ ಇರುವ ಕಡೆಗೇ ಹೊರಟಿತೋ, ಇಲ್ಲಾ ಕೆಮಿಕಲ್ ತಾಗಿ ಚುರುಕಾಗಿ, ಸಿಕ್ಕ ಸಿಕ್ಕ ಕಡೆ ಅಲೆಯುತ್ತಾ ತೂತಿಗೆ ಬಿತ್ತೋ ಹೇಳುವುದು ಕಷ್ಟ.

ಕಾಲುವೆ ಇಷ್ಟು ಸಣ್ಣದಾದರೆ ಅದರಲ್ಲಿ ಸುಳಿ ಏಳುವುದಿಲ್ಲ. ಎರಡು ದ್ರವಗಳನ್ನು ಅಕ್ಕಪಕ್ಕ ಬಿಟ್ಟರೆ ಪದರ ಪದರವಾಗಿ ಸಾಗುತ್ತವೆ, ಅಣುಗಳು ತಾವಾಗಿ ಹರಡಿಕೊಂಡಷ್ಟೇ ಬೆರಕೆ. ಹಾಗಾಗಿ ಗ್ರೇಡಿಯಂಟಿನ ಆಕಾರ ನಮ್ಮ ಕೈಯಲ್ಲಿರುತ್ತದೆ. 2002ರಲ್ಲಿ ನೂ ಲಿ ಜಿಯೋನ್ ಮತ್ತು ಜೊತೆಯವರು ನ್ಯೂಟ್ರೋಫಿಲ್‌ಗಳಿಗೆ ಹೀಗೆ ಬೇರೆ ಬೇರೆ ಆಕಾರ ಕೊಟ್ಟು ನೋಡಿದರು. ಕೆಮಿಕಲ್ ಏರುತ್ತಾ ಹೋಗಿ ಒಮ್ಮೆಗೇ ಸೊನ್ನೆಗೆ ಇಳಿದರೆ ಕೋಶ ಆ ಅಂಚಿನಲ್ಲಿ ಗಕ್ಕನೆ ನಿಲ್ಲುತ್ತದೆ. ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿದರೆ ತುದಿ ದಾಟಿ ಇನ್ನಷ್ಟು ದೂರ ಹೋಗಿ, ಆಮೇಲೆ ವಾಪಸ್ ತಿರುಗುತ್ತದೆ. ಮಾಡಿ ನೋಡೋಣ ಇದನ್ನು ತಟ್ಟೆಯಲ್ಲಿ!

ಚಿಪ್ ಸುಖ ಅಂತ ನಾನೇನೂ ಹೇಳುತ್ತಿಲ್ಲ. ಕೋಶಗಳು ಗಾಜಿಗೆ ಅಂಟಿ, ಚಪ್ಪಟೆಯಾಗಿ, ಮುಂದಕ್ಕೆ ಕಾಲು ಚಾಚಲು ಶುರು ಮಾಡಿರುತ್ತವೆ. ಆಗ ಪರದೆಯ ಎಡಗಡೆಯಿಂದ ದಪ್ಪ ಕಪ್ಪು ಅಂಚಿನ ಗಾಳಿಗುಳ್ಳೆಯೊಂದು ತೆವಳುತ್ತಾ ಬರುತ್ತದೆ, ಅಷ್ಟನ್ನೂ ಕೆರೆದುಕೊಂಡು ಬಲಗಡೆಗೆ ಹೋಗುತ್ತದೆ. ಆ ದಿನ ಮುಗಿಯಿತು.

ಪೈಪಿನ ಬಗ್ಗೆಯೇ ಕೇಳಬೇಕೆಂದಿದ್ದರೆ ಹೀಗೆ ಕೇಳಿ: ಮೈಯೊಳಗೆ ಪಂಪ್ ಹಿಡಿದು ಕೂತವರು ಯಾರು? ಅಲ್ಲಿ ಗ್ರೇಡಿಯಂಟ್ ಯಾರು ಮಾಡುತ್ತಾರೆ? ಎಷ್ಟೋ ಸಲ ಕೋಶಗಳೇ. ತಮಗೆ ಬೇಕಾದ ಕೆಮಿಕಲ್ಲನ್ನು ತಾವೇ ಒಡೆದು ಮುಗಿಸುತ್ತವೆ, ಹಿಂದೆ ಖಾಲಿ, ಮುಂದೆ ಭರ್ತಿ, ಅಲ್ಲಿಗೆ ದಿಕ್ಕು ಸಿಕ್ಕಿತು. 2020ರಲ್ಲಿ ಗ್ಲಾಸ್ಗೋದ ತಂಡವೊಂದು ಲಂಡನ್ನಿನ ಹ್ಯಾಂಪ್ಟನ್ ಕೋರ್ಟ್ ಚಕ್ರವ್ಯೂಹದ ಪುಟ್ಟ ನಕಲನ್ನೇ ಮಾಡಿ ಕೋಶಗಳನ್ನು ಬಿಟ್ಟಿತು. ಮುಂದೆ ದಾರಿಯಿಲ್ಲದ ಗಿಡ್ಡ ಓಣಿಯಾದರೆ ಅದರಲ್ಲಿದ್ದ ಕೆಮಿಕಲ್ ಬೇಗ ಖಾಲಿ, ಕೋಶ ಅತ್ತ ತಲೆ ಹಾಕುವುದೇ ಕಡಿಮೆ. ಉದ್ದ ಓಣಿಯಾದರೆ ಮೋಸ ಹೋಗುತ್ತದೆ.

ದ್ರವ ಹರಿಯುವ ಚಿಪ್‌ನಲ್ಲಿ ಈ ಆಟ ಕಾಣುವುದಿಲ್ಲ. ಕೋಶ ಖಾಲಿ ಮಾಡಿದಷ್ಟನ್ನೂ ಪಂಪ್ ಮತ್ತೆ ತುಂಬುತ್ತಿರುತ್ತದೆ. ಅದಕ್ಕೇ ಈಗ ಹರಿವಿಲ್ಲದ ಚಿಪ್ ಮಾಡಿಕೊಂಡು ಕೂತಿದ್ದೇನೆ. ಹರಿವಿಲ್ಲ ಅಂದಮೇಲೆ ತಟ್ಟೆಯೇ ಸಾಕಲ್ವಾ ಅಂತ ಮಾತ್ರ ಕೇಳಬೇಡಿ.